ಬಾಲಕನಿಗೊಂದು ಹಬ್ಬದ ಉಡುಗೊರೆ

ದಸರೆ ದೀಪಾವಳಿಗಳ ರಜೆಯಲ್ಲಿ ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಶಿಷ್ಟಾಚಾರ. ಅದು ಇಂದಿಗೂ ಉಳಿದಿರುವುದು ಸಂತೋಷದ ಸಂಗತಿಯೇ ಆದರೂ, ಆರೇಳು ವರ್ಷದ ಹುಡುಗನಿರುವ ಮನೆಯಲ್ಲಿ, ಹಬ್ಬ ಕಳೆದು ತಿಂಗಳಾಗುವಷ್ಟರಲ್ಲಿಯೇ, ಚಕ್ರ ಕಳಚಿದ ಕಾರು, ರೆಕ್ಕೆ ಮುರಿದ ಹೆಲಿಕಾಪ್ಟರು, ಬ್ಯಾಟರಿ ಮುಗಿದು ಮೂಕವಾದ ರೋಬೋಟುಗಳು ಮಂಚದ ಕೆಳಗೆ ರಾಶಿಬಿದ್ದಿರುವುದನ್ನು ಕಂಡವರಿಗೆ, ಕೊಟ್ಟವರ ವಾತ್ಸಲ್ಯವೆಲ್ಲ ವ್ಯರ್ಥವಾಯಿತಲ್ಲಾ ಎಂಬ ವ್ಯಥೆಯಾಗದಿರದು.

ಈ ಅತಿರೇಕದಿಂದ ಹಾನಿಯಾಗುವುದು ಮನೆಯ ಅಚ್ಚುಕಟ್ಟಿಗೆ ಮಾತ್ರವಲ್ಲ, ಆಟಕ್ಕೂ ಹೌದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಳೆಯ ಮಕ್ಕಳ ಮುಂದೆ ಒಮ್ಮೆ 16 ಆಟಿಕೆಗಳನ್ನೂ ಇನ್ನೊಮ್ಮೆ 4 ಆಟಿಕೆಗಳನ್ನೂ ಇರಿಸಿ ನೋಡಲಾಗಿ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದುದು ಕಂಡುಬಂದಿತು. ಆ ಮಕ್ಕಳು ಮೂರು ತುಂಬದವರಾದರೂ, ಏಳರ ಹುಡುಗನ ಮನಸ್ಸೂ ಇದಕ್ಕೆ ಹೊರತಲ್ಲವೆಂದೇ ನನ್ನ ನಂಬಿಕೆ.

ಶಿಶುಶಿಕ್ಷಣದ ಆಚಾರ್ಯನೆನಿಸಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳಿಗಾಗಿ ರೂಪಿಸಿದ ಆಟಿಕೆಗಳಲ್ಲಿ ಒಂದು, ಪುಟ್ಟ ಮರದ ಪೆಟ್ಟಿಗೆಯಲ್ಲಿ ಒತ್ತಾಗಿ ಕೂಡಿರುವ ಎಂಟು ಘನಾಕೃತಿಯ ತುಂಡುಗಳು, ಅಷ್ಟೇ. ಅವು ಈ ಗಳಿಗೆ ಗೋಪುರ, ಮರುಗಳಿಗೆ ಸೇತುವೆ, ಆಮೇಲೆ ಸಿಂಹಾಸನ. ಆಟ ಮುಗಿದೊಡನೆ ಎಂಟೂ ತಿರುಗಿ ಅದೇ ಪೆಟ್ಟಿಗೆಯಲ್ಲಿ. ಮುಂದೆ ಜಗದ್ವಿಖ್ಯಾತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ತಾಯಿ ತಂದುಕೊಟ್ಟ ಇಂತಹ ತುಂಡುಗಳೊಡನೆ ಆಡಿದವನು. ಅವುಗಳ ಋಣವನ್ನು ಅವನು ವೃದ್ಧಾಪ್ಯದಲ್ಲಿಯೂ ಸ್ಮರಿಸಿದನು. ಆಟಿಕೆಯೊಂದನ್ನು ಕೈಗೆತ್ತಿಕೊಂಡಾಗ ಅದು ತಾನೇ ಏನೇನು ಮಾಡಬಲ್ಲುದೆಂದು ಕೇಳುವುದಕ್ಕಿಂತ, ಹುಡುಗನಿಗೆ ಮಾಡಲು ಏನನ್ನು ಉಳಿಸಿದೆಯೆಂದು ಕೇಳುವುದು ಲೇಸು.

ಈ ಪರೀಕ್ಷೆಯಲ್ಲಿ ನಮ್ಮ ಬುಗುರಿ ಸುಲಭವಾಗಿ ಗೆಲ್ಲುತ್ತದೆ. ಮೊಳೆಯ ಬುಡದಿಂದ ಮೇಲಕ್ಕೆ ಸುತ್ತು ಸಡಿಲವಾಗದಂತೆ ಚಾಟಿ ಸುತ್ತುವುದು, ಅದರ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬೀಸಿ ಎಸೆಯುವುದು, ಎಸೆದ ಕ್ಷಣದಲ್ಲಿಯೇ ಹಿಂದಕ್ಕೆ ಸೆಳೆಯುವುದು: ಇಷ್ಟನ್ನು ಕಲಿಯುವುದಕ್ಕೆ ರಜೆಯ ಬಹುಪಾಲು ಬೇಕು; ತಿರುಗುವ ಬುಗುರಿಯನ್ನು ಅಂಗೈಗೆ ಎತ್ತಿಕೊಳ್ಳುವುದಕ್ಕೂ, ಗೆಳೆಯನ ಬುಗುರಿಗೆ ಗುನ್ನ ಹೊಡೆಯುವುದಕ್ಕೂ ಮುಂದಿನ ರಜೆಯೇ ಆಗಬೇಕು. ಇನ್ನೂ ಚಿಕ್ಕವನಾದರೆ, ಬೆರಳಿನಿಂದಲೇ ತಿರುಗಿಸುವ ಚನ್ನಪಟ್ಟಣದ ಬುಗುರಿ ಸಾಕು. ಆಲೆಮರದ ತುಂಡನ್ನು ಕಡೆದು, ಅದು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಘರ್ಷಣೆಯ ಶಾಖಕ್ಕೆ ಕರಗಿ ಹರಡಿದ ಅರಗನ್ನು ತಾಳೆಗರಿಯಿಂದ ತೀಡಿ ಹೊಳಪೇರಿಸುವ ಅಲ್ಲಿನ ಕುಶಲಕರ್ಮಿಯ ಕೈಚಳಕವನ್ನು, ಬೆಂಗಳೂರು ಮೈಸೂರುಗಳ ನಡುವೆ ಪಯಣಿಸುವವರು ಹುಡುಗನನ್ನೂ ಕರೆದೊಯ್ದು ತೋರಿಸಿದರೆ, ಆ ದರ್ಶನವೇ ಉಡುಗೊರೆಯ ಅರ್ಧ.

ಮನೆಯಲ್ಲಿ ಅಂಗುಲ ಜಾಗವನ್ನೂ ಬೇಡದ ಉಡುಗೊರೆಗಳೂ ಉಂಟು. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಲ್ಲಿ, ನಿಗದಿಯಾದ ಹಣ ತೆತ್ತು ಪ್ರಾಣಿಯನ್ನೋ ಪಕ್ಷಿಯನ್ನೋ ದತ್ತು ಪಡೆಯುವ ವ್ಯವಸ್ಥೆಯಿದೆ. ಆನೆ ಹುಲಿಗಳ ವೆಚ್ಚ ಎಲ್ಲರಿಗೂ ಎಟುಕದು. ಪುಟ್ಟ ಹಕ್ಕಿಯಾದರೆ ಹೊರೆಯಾಗದು. ತನ್ನ ಪಾಲಿನ ಹಕ್ಕಿ ಹೇಗಿದೆಯೆಂದು ನೋಡಲು ಹೊರಡುವ ಹುಡುಗನ ಆತುರವನ್ನು ಯಾವ ಯಂತ್ರದ ಬೊಂಬೆಯೂ ಹುಟ್ಟಿಸಲಾರದು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಸೋದರಮಾವನೊಡನೆ ಕಳೆದ ಒಂದು ಹಗಲೂ, ಅಜ್ಜನೊಡನೆ ಕುಂಡದಲ್ಲಿ ಬಿತ್ತಿದ ಅವರೆಯೂ ಇದೇ ಜಾತಿಗೆ ಸೇರಿದವು.

ಹಾಗೆಂದು ಹುಡುಗನ ಆಸೆಯನ್ನು ಮೂಲೆಗೊತ್ತಿ ನಮ್ಮ ವಿವೇಕವನ್ನೇ ಕಟ್ಟಿಕೊಡುವುದು ಸಲ್ಲದು. ವರ್ಷದಿಂದ ಸೈಕಲ್ಲಿನ ಕನಸು ಕಾಣುತ್ತಿರುವವನಿಗೆ ನಾಲ್ಕು ಮನೆಯವರು ನಾಲ್ಕು ಆಟಿಕೆ ತರುವ ಬದಲು, ಮೊದಲೇ ಅವನ ತಾಯಿಯನ್ನು ವಿಚಾರಿಸಿ, ಹಣ ಕೂಡಿಸಿ ಸೈಕಲ್ಲನ್ನೇ ಕೊಡಿಸಬಹುದಲ್ಲವೇ? ಹಿಂದಿನಿಂದ ಹಿಡಿದುಕೊಂಡು ಓಡುವ ಕೆಲಸವನ್ನು ಆ ನಾಲ್ವರಲ್ಲಿ ಯಾರು ವಹಿಸಿಕೊಳ್ಳುವರೆಂಬುದನ್ನೂ ಆಗಲೇ ನಿಶ್ಚಯಿಸಿಕೊಂಡರೆ ಒಳ್ಳೆಯದು.