ಹಾನಿಯನ್ನು ಜೀವಕೋಶವು ಅರಿಯುವ ಬಗೆ

ವಿಜಯಪುರದ ಬೇಸಗೆಯ ಬಿಸಿಲನ್ನು ಬಲ್ಲವರಿಗೆ ಅದರ ತಾಪವನ್ನು ಕುರಿತು ಹೇಳಬೇಕಾದುದಿಲ್ಲ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರು ತಲೆಗೆ ವಸ್ತ್ರವನ್ನು ಸುತ್ತಿ ಅದನ್ನು ತಡೆದುಕೊಳ್ಳುತ್ತಾರೆ. ಆದರೆ ಆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಂಶವೂ ಇದೆ. ಅದೇ ಅತಿನೇರಿಳೆ ಕಿರಣ. ನಮ್ಮ ಭೌತವಿಜ್ಞಾನದ ಲೆಕ್ಕದಂತೆ 300 ನ್ಯಾನೊಮೀಟರ್ ಅಲೆಯುದ್ದದ ಬೆಳಕಿನ ಒಂದು ಕಣದಲ್ಲಿ ಸುಮಾರು 4 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯಿರುತ್ತದೆ. ಚರ್ಮದ ಜೀವಕೋಶದೊಳಗಿನ ಡಿ.ಎನ್.ಎ. ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಅಕ್ಷರಗಳನ್ನು ಒಂದಕ್ಕೊಂದು ಬೆಸೆದುಬಿಡಲು ಅಷ್ಟು ಸಾಕು.

ಮಾನವನ ಒಂದೊಂದು ಜೀವಕೋಶದಲ್ಲಿಯೂ ಇಂಥ ಅಕ್ಷರಗಳ ಸುಮಾರು 600 ಕೋಟಿ ಜೋಡಿಗಳಿವೆ. ಅಷ್ಟರಲ್ಲಿ ಬೆಸುಗೆಗೊಂಡ ಎರಡನ್ನು ಹುಡುಕುವವರು ಯಾರು? ಇಡೀ ಎಳೆಯನ್ನು ಪರೀಕ್ಷಿಸುತ್ತ ಅಲೆಯುವ ಪ್ರೋಟೀನುಗಳು ಇರುವುದು ನಿಜ. ಆದರೆ ಈ ಬೆಸುಗೆಯು ಎಳೆಯ ಆಕಾರವನ್ನು ಅಷ್ಟಾಗಿ ಕೆಡಿಸದ ಕಾರಣ ಅವುಗಳಿಗೆ ಅದು ಬೇಗ ಸಿಕ್ಕುವುದಿಲ್ಲ. ಬಳಕೆಯಲ್ಲಿರುವ ಜೀನುಗಳ ಮಟ್ಟಿಗೆ ಜೀವಕೋಶವು ಬೇರೆಯೇ ಒಂದು ಉಪಾಯವನ್ನು ಹೂಡಿದೆ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯು ಎಲ್ಲಿಯಾದರೂ ಕುಸಿಯಿತೆನ್ನಿ. ಅದನ್ನು ಮೊದಲು ತಿಳಿಯುವವನು ರಸ್ತೆಯ ಮೇಲ್ವಿಚಾರಕನಲ್ಲ, ಮುಂದೆ ಹೋಗಲಾರದೆ ನಿಂತ ಬಸ್ಸಿನ ಚಾಲಕ! ಹಾಗೆಯೇ, ಜೀನನ್ನು ಓದಿಕೊಂಡು ಅದರ ಆರ್.ಎನ್.ಎ. ಪ್ರತಿಯನ್ನು ತೆಗೆಯುತ್ತ ಸಾಗುವ ಪಾಲಿಮರೇಸ್ ಎಂಬ ಕಿಣ್ವವು ಬೆಸುಗೆಯ ಬಳಿ ಬಂದಾಗ ತಡೆದು ನಿಲ್ಲುತ್ತದೆ. ಆ ನಿಲುಗಡೆಯೇ ಹಾನಿಯ ಸೂಚನೆ.

ಆದರೆ ಇಲ್ಲಿ ಒಂದು ತೊಡಕಿದೆ. ನಿಂತ ಬಸ್ಸೇ ಗುಂಡಿಯನ್ನು ಮುಚ್ಚಿಕೊಂಡಿರುತ್ತದೆ. ದುರಸ್ತಿಯವರು ಕೈಹಾಕುವುದು ಹೇಗೆ? ಸಿ.ಎಸ್.ಬಿ. ಎಂಬ ಪ್ರೋಟೀನು ಮೊದಲು ಪಾಲಿಮರೇಸನ್ನು ಹಿಂದಿನಿಂದ ನೂಕಿ ನೋಡುತ್ತದೆ. ಅಡ್ಡಿಯು ಸಣ್ಣದಾಗಿದ್ದರೆ ಕಿಣ್ವವು ದಾಟಿ ಮುನ್ನಡೆಯುತ್ತದೆ, ಬೆಸುಗೆಯಾಗಿದ್ದರೆ ಕದಲುವುದಿಲ್ಲ. ಆಗ ಸಿ.ಎಸ್.ಎ. ಮೊದಲಾದ ಸಹಾಯಕ ಪ್ರೋಟೀನುಗಳು ಬಂದು ಕೂಡುತ್ತವೆ. ಪಾಲಿಮರೇಸನ್ನು ಸರಿಸಿ, ಸುಮಾರು 30 ಅಕ್ಷರಗಳಷ್ಟು ಉದ್ದದ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸ ಅಕ್ಷರಗಳನ್ನು ತುಂಬಲಾಗುತ್ತದೆ. ಜೀನಿನ ಎರಡು ಎಳೆಗಳಲ್ಲಿ ಓದಲ್ಪಡುವ ಎಳೆಯೇ ಬೇಗ ದುರಸ್ತಿಯಾಗುವುದೆಂದು 1987ರಲ್ಲಿ ಅಮೆರಿಕದ ಮೆಲನ್, ಸ್ಪಿವಾಕ್ ಮತ್ತು ಹನವಾಲ್ಟ್ ಅವರು ತೋರಿಸಿದರು. ಓದುವ ಕೆಲಸಕ್ಕೂ ದುರಸ್ತಿಗೂ ಇರುವ ನಂಟಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಸಿ.ಎಸ್.ಎ. ಅಥವಾ ಸಿ.ಎಸ್.ಬಿ.ಯ ಜೀನು ಹುಟ್ಟಿನಿಂದಲೇ ಕೆಟ್ಟಿದ್ದರೆ ಬಸ್ಸು ನಿಂತಲ್ಲಿಯೇ ನಿಲ್ಲುತ್ತದೆ. ಅಂಥ ಮಕ್ಕಳ ಚರ್ಮವು ಬಿಸಿಲನ್ನು ಸಹಿಸದು. ಬೆಳವಣಿಗೆಯು ಕುಂಠಿತವಾಗುತ್ತದೆ, ನರಮಂಡಲವು ಕ್ಷೀಣಿಸುತ್ತದೆ, ಎಳೆಯ ಮುಖದಲ್ಲಿ ಮುಪ್ಪು ಮೂಡುತ್ತದೆ. ಇಂಗ್ಲೆಂಡಿನ ವೈದ್ಯ ಕಾಕೇನ್ ಅವರು 1936ರಲ್ಲಿ ವರ್ಣಿಸಿದ ಈ ವಿರಳ ಕಾಯಿಲೆಯನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ.

ಈ ಉಪಾಯವು ಮಾನವನಿಗಷ್ಟೇ ಮೀಸಲಲ್ಲ. ನಮ್ಮನ್ನು ಕಾಡುವ ರೋಗಾಣುಗಳಿಗೂ ಗೊತ್ತು. ಬ್ಯಾಕ್ಟೀರಿಯಗಳಲ್ಲಿ ನಿಂತ ಪಾಲಿಮರೇಸನ್ನು ಸರಿಸಿ ದುರಸ್ತಿಯವರನ್ನು ಕರೆಯುವ ಪ್ರೋಟೀನಿಗೆ ಎಂ.ಎಫ್.ಡಿ. ಎಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಮತ್ತು ಸಂಗಡಿಗರು ಕ್ಷಯರೋಗಾಣುವಿನ ಎಂ.ಎಫ್.ಡಿ.ಯನ್ನು ಪರಿಶೀಲಿಸಿ, ಅದರ ಆರು ಅಣುಗಳು ಒಂದು ಗುಂಪಾಗಿ ಕೂಡಬಲ್ಲವೆಂಬುದನ್ನು 2011ರಲ್ಲಿ ಪ್ರಕಟಿಸಿದರು. 2019ರಲ್ಲಿ ಹೊರಬಂದ ಬೇರೆ ಪ್ರಯೋಗಗಳಲ್ಲಿ ಎಂ.ಎಫ್.ಡಿ. ಇಲ್ಲದ ಬ್ಯಾಕ್ಟೀರಿಯಗಳು ಔಷಧವನ್ನು ಎದುರಿಸಲು ಕಲಿಯುವಲ್ಲಿ ಹಿಂದುಳಿದುವು. ಈ ಪ್ರೋಟೀನನ್ನು ಕಟ್ಟಿಹಾಕುವ ವಸ್ತುಗಳನ್ನು ಸಂಶೋಧಕರು ಈಗ ಹುಡುಕುತ್ತಿದ್ದಾರೆ.