ಲ್ಯಾಬಿನ ಮೂಲೆಯಲ್ಲಿರುವ ನಮ್ಮ ಸರ್ವರ್

ಹೊಸಪೇಟೆಯವರಿಗೆ ಹಂಪಿ ಪ್ರವಾಸ ಎಂದರೆ ನಗು ಬರುತ್ತದೆ. ಸಿಟಿ ಬಸ್ಸಿನಷ್ಟು ದೂರಕ್ಕೆ ಯಾರಾದರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆಯೇ? ಆದರೂ ಕಳೆದ ಡಿಸೆಂಬರ್‌ನಲ್ಲಿ, ನಾವು ಪ್ರಥಮ ಪಿಯುಸಿಯಲ್ಲಿದ್ದಾಗ, ಕಾಲೇಜಿನಿಂದ ಹೋದೆವು. ಕಲಾ ವಿಭಾಗದವರಿಗೆ ಇತಿಹಾಸದ ಪ್ರಾಜೆಕ್ಟ್ ಇತ್ತು, ವಿಜ್ಞಾನದವರಾದ ನಮಗೆ ಬರೀ ಸುತ್ತಾಟ. ಕಮಲ ಮಹಲ್, ಆನೆಲಾಯ, ಇಮ್ಮಡಿ ದೇವರಾಯನ ಕಾಲದಲ್ಲಿ 1439ರಲ್ಲಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ, ಅಲ್ಲಿನ ಶಾಸನ, ಎಲ್ಲದರ ಚಿತ್ರ ತೆಗೆದೆವು. ಮರುದಿನ ಪ್ರಶ್ನೆ ಬಂತು: ಈ ಚಿತ್ರಗಳನ್ನು ಒಂದೆಡೆ ಸೇರಿಸುವುದು ಹೇಗೆ?

ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಶಾಸನದ ಅಕ್ಷರಗಳು ಅಳಿಸಿದಂತೆ ಕಂಡವು. ಪೆನ್‌ಡ್ರೈವ್ ತಂದರೆ ಅದರ ಜೊತೆ ವೈರಸ್ಸೂ ಬಂತು. ಎಲ್ಲ ಫೋಲ್ಡರ್‌ಗಳೂ ಶಾರ್ಟ್‌ಕಟ್ ಆಗಿಬಿಡುವ ಆ ರೋಗ ಒಂದೇ ವಾರದಲ್ಲಿ ಲ್ಯಾಬಿನ ಆರು ಕಂಪ್ಯೂಟರ್‌ಗಳಿಗೆ ಹರಡಿತು. ಆಗ ಕಂಪ್ಯೂಟರ್ ಸೈನ್ಸ್ ಸರ್ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಡೆಸ್ಕ್‌ಟಾಪ್ ತೋರಿಸಿ, "ಇದನ್ನು ಸರ್ವರ್ ಮಾಡು, ನೋಡೋಣ" ಎಂದರು. 4 ಜಿಬಿ ಮೆಮೊರಿ, 500 ಜಿಬಿ ಡಿಸ್ಕ್. ಕಡತಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಸರ್ವರ್ ಎಂದ ಕೂಡಲೇ ತಣ್ಣನೆಯ ಕೋಣೆ, ಮಿನುಗುವ ದೀಪ ಎಂದುಕೊಳ್ಳಬೇಡಿ. ಸದಾ ಆನ್ ಇದ್ದು, ಬೇರೆ ಕಂಪ್ಯೂಟರ್‌ಗಳ ಕೋರಿಕೆಗೆ ಉತ್ತರ ಕೊಡುವ ಯಾವ ಯಂತ್ರವೂ ಸರ್ವರ್ರೇ.

ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆ. ಉಚಿತ ತಂತ್ರಾಂಶ, ಹಳೆಯ ಯಂತ್ರಕ್ಕೆ ಭಾರವಾಗುವುದಿಲ್ಲ. ಇಲ್ಲಿಯವರೆಗೆ ಸರಿ. ಮುಂದೆ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ಕೆಲಸ: ಎಫ್‌ಟಿಪಿ ಸರ್ವರ್ ಸ್ಥಾಪಿಸಿದೆ.

ಎಫ್‌ಟಿಪಿ ಎಂದರೆ ಕಡತ ವರ್ಗಾವಣೆಯ ನಿಯಮಾವಳಿ. ಇದರ ಮೊದಲ ಕರಡು ಬರೆದವರು ಭಾರತೀಯರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಲಹಾಬಾದಿನ ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ತಂಡದ ವಿದ್ಯಾರ್ಥಿ. ಅಮೆರಿಕದ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 114 ಎಂಬ ದಾಖಲೆಯಾಗಿ ಅದನ್ನು ಪ್ರಕಟಿಸಿದರು. ಆಗಿನ್ನೂ ಇಂಟರ್ನೆಟ್ ಇರಲಿಲ್ಲ, ಅರ್ಪಾನೆಟ್ ಇತ್ತು. ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾಲಯಗಳು ಅದರಲ್ಲಿದ್ದವು. ಒಬ್ಬರನ್ನೊಬ್ಬರು ಬಲ್ಲವರ ಓಣಿಯಲ್ಲಿ ಬಾಗಿಲಿಗೆ ಚಿಲಕ ಯಾರು ಹಾಕುತ್ತಾರೆ? ಹಾಗೆಯೇ ಎಫ್‌ಟಿಪಿಗೂ ಚಿಲಕವಿಲ್ಲ. ಪಾಸ್‌ವರ್ಡ್ ಕೇಳುತ್ತದೆ ನಿಜ, ಆದರೆ ಅದು ತಂತಿಯಲ್ಲಿ ಅಂಚೆ ಕಾರ್ಡಿನ ಬರಹದಂತೆ ತೆರೆದೇ ಹೋಗುತ್ತದೆ.

ಮೊದಲ ಪೆಟ್ಟು ಸಿಕ್ಕಿದ್ದು ಬೇರೆ ಕಡೆಯಿಂದ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಎಫ್‌ಟಿಪಿ ಎಂದು ಟೈಪಿಸಿ ಹಂಪಿಯ ಚಿತ್ರಗಳನ್ನೆಲ್ಲ ಏರಿಸಿದೆ. ಮರುದಿನ ತೆರೆದರೆ ಅರ್ಧ ಚಿತ್ರ ಸರಿ, ಕೆಳಗಿನರ್ಧ ಬೂದು ಬಣ್ಣ. ಕಡತದ ಗಾತ್ರ ನೋಡಿದರೆ 4 ಎಂಬಿಯಲ್ಲಿ ಕೆಲವು ಹತ್ತು ಬೈಟ್‌ಗಳಷ್ಟೇ ಕಡಿಮೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು. ಎಫ್‌ಟಿಪಿಯಲ್ಲಿ ಆಸ್ಕಿ, ಬೈನರಿ ಎಂಬ ಎರಡು ವಿಧಾನಗಳಿವೆ. ಆಸ್ಕಿ ಇರುವುದು ಪಠ್ಯಕ್ಕೆ. ವಿಂಡೋಸ್‌ನಲ್ಲಿ ಸಾಲು ಮುಗಿಯುವ ಗುರುತು ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದೇ. ಹಾಗಾಗಿ ಸರ್ವರ್ ಆ ಜೋಡಿ ಕಂಡಲ್ಲೆಲ್ಲ ಒಂದನ್ನು ಕಿತ್ತುಹಾಕುತ್ತದೆ. ಚಿತ್ರದೊಳಗೆ ಆಕಸ್ಮಿಕವಾಗಿ ಆ ಜೋಡಿ ಬಂದರೂ ಬಿಡುವುದಿಲ್ಲ! ಆ ವಿಂಡೋಸ್ ಆಜ್ಞೆ ಹೇಳದೇ ಕೇಳದೇ ಆಸ್ಕಿಯಲ್ಲೇ ಶುರುವಾಗುತ್ತದೆ. ಪುಣ್ಯಕ್ಕೆ ಮೊಬೈಲ್‌ಗಳಲ್ಲಿ ಮೂಲ ಚಿತ್ರಗಳು ಉಳಿದಿದ್ದವು.

ಎರಡನೆಯ ಪೆಟ್ಟಿನ ಬಗ್ಗೆ ಬರೆಯಲು ಕಷ್ಟವಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಸಮಯ ಬಂತು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಎಲ್ಲವನ್ನೂ ಲ್ಯಾಬಿನಲ್ಲೇ ಸ್ಕ್ಯಾನ್ ಮಾಡಿ ನನ್ನ ಸರ್ವರ್‌ಗೆ ಹಾಕುತ್ತಿದ್ದೆವು. "ಅನುಮತಿ ಇಲ್ಲ" ಎಂಬ ದೋಷ ಪದೇ ಪದೇ ಬರುತ್ತಿತ್ತೆಂದು ನಾನು ಇಡೀ ಫೋಲ್ಡರ್‌ಗೆ 777 ಕೊಟ್ಟುಬಿಟ್ಟಿದ್ದೆ. ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. ಒಂದು ಮಧ್ಯಾಹ್ನ ಯಾರೋ ತಮಾಷೆಗೆಂದು ಒಬ್ಬ ಗೆಳೆಯನ ಆದಾಯ ಪ್ರಮಾಣಪತ್ರ ತೆರೆದು, ಅವನ ತಂದೆಯ ವರ್ಷದ ಆದಾಯವನ್ನು ಎಲ್ಲರ ಮುಂದೆ ಜೋರಾಗಿ ಓದಿದರು. ಅವನು ಸಂಡೂರಿನಿಂದ ಬರುವವನು, ತಂದೆ ಅದಿರು ಲಾರಿ ಓಡಿಸುತ್ತಾರೆ. ಎರಡು ದಿನ ಅವನು ಕಾಲೇಜಿಗೆ ಬರಲಿಲ್ಲ. ಓದಿದವರದು ತಪ್ಪು, ಒಪ್ಪುತ್ತೇನೆ. ಆದರೆ ಬಾಗಿಲು ತೆರೆದಿಟ್ಟವನು ನಾನು. ನಮ್ಮ ಮನೆಯಲ್ಲಿ ಯಾರಾದರೂ ಒಡವೆ ಇಟ್ಟುಕೊಳ್ಳಿ ಎಂದು ಕೊಟ್ಟರೆ ಅಮ್ಮಿ ಅದನ್ನು ಅಮಾನತ್ ಎಂದು ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳದಲ್ಲಿಡುತ್ತಾರೆ. ನಾನು ನಲವತ್ತು ಮನೆಗಳ ಅಮಾನತ್ತನ್ನು ಪಡಸಾಲೆಯಲ್ಲಿ ಹರಡಿದ್ದೆ. ಅವನ ಬಳಿ ಕ್ಷಮೆ ಕೇಳಿದೆ. ಸರ್ವರ್ ಆಫ್ ಮಾಡಿ ಮೊದಲಿನಿಂದ ಶುರುಮಾಡಿದೆ.

ಸರ್ ಅನುಮತಿ ಪಡೆದು, ನನ್ನದೇ ಖಾತೆಯ ಮೇಲೆ ವೈರ್‌ಶಾರ್ಕ್ ಎಂಬ ತಂತ್ರಾಂಶದಿಂದ ಒಂದು ಪ್ರಯೋಗ ಮಾಡಿದೆವು. ತಂತಿಯಲ್ಲಿ ಹರಿಯುವ ದತ್ತಾಂಶವನ್ನು ಅದು ತೋರಿಸುತ್ತದೆ. ಎಫ್‌ಟಿಪಿಯಲ್ಲಿ ಲಾಗಿನ್ ಆದ ತಕ್ಷಣ ನನ್ನ ಪಾಸ್‌ವರ್ಡ್ ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಕಂಡಿತು. ಇಂಥದೇ ಕಳ್ಳಗಣ್ಣಿನ ದಾಳಿ 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ನಡೆದಾಗ ಅಲ್ಲಿನ ತತು ಇಲೋನೆನ್ ಎಂಬವರು ಎಸ್‌ಎಸ್‌ಎಚ್ ಬರೆದರು. ಎಲ್ಲ ಮಾತುಕತೆಯನ್ನೂ ಗೂಢಲಿಪಿಯಲ್ಲಿ ನಡೆಸುವ ವ್ಯವಸ್ಥೆ ಅದು. ಎಫ್‌ಟಿಪಿಯ ಪೋರ್ಟ್ 21, ಟೆಲ್ನೆಟ್‌ನದು 23, ನಡುವೆ ಖಾಲಿ ಇದ್ದ 22 ಇದಕ್ಕೆ ಸಿಕ್ಕಿತು. ಅದರೊಳಗೆ ಕಡತ ಕಳಿಸುವ ವಿಧಾನಕ್ಕೆ ಎಸ್‌ಎಫ್‌ಟಿಪಿ ಎನ್ನುತ್ತಾರೆ. ಹೆಸರು ಹತ್ತಿರವಿದ್ದರೂ ಇದು ಎಫ್‌ಟಿಪಿಗೆ ಬೀಗ ಹಾಕಿದ್ದಲ್ಲ, ವಂಶವೇ ಬೇರೆ. ಎಫ್‌ಟಿಪಿಗೆ ಮಾತಿಗೊಂದು, ಕಡತಕ್ಕೊಂದು ಎಂದು ಎರಡು ಸಂಪರ್ಕ ಬೇಕು. ಇದಕ್ಕೆ ಒಂದೇ ಪೋರ್ಟ್ ಸಾಕು, ಹಾಗಾಗಿ ಫೈರ್‌ವಾಲ್ ಬಿಗಿ ಮಾಡುವುದೂ ಸುಲಭ.

ಈಗ ನಮ್ಮ ಸರ್ವರ್ ಹೇಗಿದೆ ಎಂದು ಹೇಳುತ್ತೇನೆ. ಆಜ್ಞೆಗಳನ್ನು ಇಲ್ಲಿ ಬರೆದಿಲ್ಲ, ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ. ಇಲ್ಲಿ ಕಾರಣಗಳು ಮಾತ್ರ.

ಮೊದಲು ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಿದೆ, ಬದಲಿಗೆ ಕೀಲಿ ಜೋಡಿ. ನಿಮ್ಮ ಕಂಪ್ಯೂಟರ್ ಎರಡು ಕೀಲಿ ತಯಾರಿಸುತ್ತದೆ. ಸಾರ್ವಜನಿಕ ಕೀಲಿ ನನಗೆ ಕೊಡಿ, ಅದನ್ನು ಸರ್ವರ್‌ನಲ್ಲಿ ಇಡುತ್ತೇನೆ. ಖಾಸಗಿ ಕೀಲಿ ನಿಮ್ಮ ಬಳಿಯೇ ಇರಬೇಕು, ನಾನು ಕೇಳಿದರೂ ಕೊಡಬೇಡಿ. ಲಾಗಿನ್ ಆಗುವಾಗ ಖಾಸಗಿ ಕೀಲಿ ಒಂದು ಸಹಿ ಹಾಕುತ್ತದೆ, ಸರ್ವರ್ ಸಾರ್ವಜನಿಕ ಕೀಲಿಯಿಂದ ಆ ಸಹಿ ಸರಿಯೇ ಎಂದು ನೋಡುತ್ತದೆ. ಗುಟ್ಟು ತಂತಿಯಲ್ಲಿ ಹೋಗುವುದೇ ಇಲ್ಲ. ಖಾಸಗಿ ಕೀಲಿಗೂ ಒಂದು ಗುಪ್ತವಾಕ್ಯ ಹಾಕಿಡಿ, ಲ್ಯಾಪ್‌ಟಾಪ್ ಕಳೆದರೆ ಅದು ಕಾಯುತ್ತದೆ.

ಆಮೇಲೆ ಸೆರೆಮನೆ. ಚ್ರೂಟ್ ಎಂಬ ವ್ಯವಸ್ಥೆಯಲ್ಲಿ ಒಳಗೆ ಬಂದ ಬಳಕೆದಾರನಿಗೆ ತನ್ನ ಫೋಲ್ಡರೇ ಇಡೀ ಪ್ರಪಂಚ. ಅದರಾಚೆ ಏನಿದೆ ಎಂಬುದೇ ಕಾಣುವುದಿಲ್ಲ. ಇಲ್ಲಿ ನಾನು ಒಂದಿಡೀ ಶನಿವಾರ ಸಿಕ್ಕಿಹಾಕಿಕೊಂಡೆ. ಲಾಗಿನ್ ಆದ ಕೂಡಲೇ ಸಂಪರ್ಕ ಕಡಿದುಹೋಗುತ್ತಿತ್ತು. ಕಾರಣ ಇಷ್ಟೇ: ಆ ಸೆರೆಮನೆಯ ಫೋಲ್ಡರ್ ಮತ್ತು ಅದರ ಮೇಲಿನ ಎಲ್ಲ ಫೋಲ್ಡರ್‌ಗಳ ಒಡೆತನ ರೂಟ್ ಹೆಸರಿನಲ್ಲೇ ಇರಬೇಕು, ಬೇರೆ ಯಾರಿಗೂ ಬರೆಯುವ ಹಕ್ಕು ಇರಬಾರದು. ಜೈಲಿನ ಗೋಡೆ ಕೈದಿಯ ಹೆಸರಿನಲ್ಲಿದ್ದರೆ ಅವನು ಅದನ್ನು ಒಡೆದು ಬೇರೆ ಕಟ್ಟಿಕೊಳ್ಳಬಹುದಲ್ಲ! ಅದಕ್ಕೇ ಒಳಗಡೆ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ವಿದ್ಯಾರ್ಥಿಯ ಹೆಸರಿಗೆ ಕೊಟ್ಟೆ.

ಇನ್ನು ನನ್ನನ್ನು ತಲೆ ತಗ್ಗಿಸುವಂತೆ ಮಾಡಿದ ಆ ಮೂರು ಅಂಕಿಗಳು. ಮೊದಲನೆಯದು ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದಲು 4, ಬರೆಯಲು 2, ನಡೆಸಲು ಅಥವಾ ಫೋಲ್ಡರ್ ಒಳಹೊಕ್ಕಲು 1. ಕೂಡಿಸಿಕೊಳ್ಳಿ. 7 ಎಂದರೆ ಎಲ್ಲ ಹಕ್ಕು, 5 ಎಂದರೆ ಓದಿ ಒಳಹೋಗುವ ಹಕ್ಕು, 0 ಎಂದರೆ ಏನೂ ಇಲ್ಲ. ವಿದ್ಯಾರ್ಥಿವೇತನದ ಫೋಲ್ಡರ್‌ಗಳು ಈಗ 750: ದಾಖಲೆ ಯಾರದೋ ಅವರಿಗೆ ಪೂರ್ತಿ ಹಕ್ಕು, ಕಚೇರಿ ಗುಂಪಿಗೆ ಓದುವ ಹಕ್ಕು, ಉಳಿದವರಿಗೆ ಸೊನ್ನೆ. ಆ ಗುಂಪಿನಲ್ಲಿ ಕಚೇರಿಯ ಇಬ್ಬರು ಮಾತ್ರ ಇದ್ದಾರೆ. ಅರ್ಜಿ ಸಲ್ಲಿಕೆಯಾದ ಮೇಲೆ ಕಡತ ಅಳಿಸುತ್ತೇವೆ. ಇಲ್ಲದ ಕಡತವನ್ನು ಯಾರೂ ಕದಿಯಲಾರರು. "ಅನುಮತಿ ಇಲ್ಲ" ಎಂಬ ಸಂದೇಶ ಬಂದಾಗ 777 ಕೊಡಬೇಕೆಂದು ಕೈ ತುಡಿಯುತ್ತದೆ. ಆ ಸಂದೇಶ ದೋಷವಲ್ಲ, ಕಾವಲುಗಾರ ತನ್ನ ಕೆಲಸ ಮಾಡುತ್ತಿದ್ದಾನೆ. ಯಾರಿಗೆ ಯಾವ ಹಕ್ಕು ಬೇಕಿತ್ತು ಎಂದು ಹುಡುಕುವ ಅರ್ಧ ಗಂಟೆಯ ಸೋಮಾರಿತನವೇ 777.

ಮೊದಲ ಬಾರಿ ಸಂಪರ್ಕಿಸುವಾಗ ಸರ್ವರ್‌ನ ಬೆರಳಚ್ಚು ಎಂದು ಉದ್ದದ ಅಕ್ಷರಮಾಲೆ ಬರುತ್ತದೆ. ಎಲ್ಲರೂ ಓದದೆ "ಎಸ್" ಒತ್ತುತ್ತಾರೆ. ನೀವು ಮಾತಾಡುತ್ತಿರುವುದು ನಿಜವಾದ ಸರ್ವರ್ ಜೊತೆಗೋ, ಅದರ ವೇಷ ಹಾಕಿದ ಬೇರೊಂದರ ಜೊತೆಗೋ ಎಂದು ತಿಳಿಯಲು ಅದೊಂದೇ ದಾರಿ. ಸರಿಯಾದ ಬೆರಳಚ್ಚನ್ನು ಸೂಚನಾ ಫಲಕದಲ್ಲಿ ಹಾಕಿದೆ. ದಯವಿಟ್ಟು ಹೋಲಿಸಿ ನೋಡಿ.

ಮಳೆಗಾಲದಲ್ಲಿ ಮತ್ತೊಂದು ಪಾಠವಾಯಿತು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಹೊಳೆಯಾಚೆ ಗಂಗಾವತಿ ಕಡೆಯಿಂದ ಬರುವ ಗೆಳೆಯರು ಅಲ್ಲೇ ಉಳಿದರು. ನೋಟ್ಸ್ ಮನೆಗೇ ಸಿಗಲಿ ಎಂದು ಸರ್ ಒಪ್ಪಿಗೆ ಪಡೆದು ರೂಟರ್‌ನಲ್ಲಿ ಪೋರ್ಟ್ 22 ತೆರೆದು, ಸರ್ವರ್ ಇಂಟರ್ನೆಟ್‌ನಿಂದ ಕಾಣುವಂತೆ ಮಾಡಿದೆ. ಮರುದಿನ ಬೆಳಿಗ್ಗೆ ದಾಖಲೆ ಪುಸ್ತಕ, ಅಂದರೆ ಲಾಗ್, ತೆರೆದರೆ ಸಾವಿರಾರು ವಿಫಲ ಲಾಗಿನ್‌ಗಳು! ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಯಾರೋ ರಾತ್ರಿಯಿಡೀ ಬಾಗಿಲು ಬಡಿದಿದ್ದರು. ಯಾರೋ ಎಂದೆ, ಮನುಷ್ಯರಲ್ಲ. ಇಂಟರ್ನೆಟ್‌ನ ಪ್ರತಿ ವಿಳಾಸವನ್ನೂ ತಟ್ಟಿ ನೋಡುತ್ತ ಹೋಗುವ ತಂತ್ರಾಂಶಗಳು ಅವು. ಹೊಸಪೇಟೆಯ ಒಂದು ಕಾಲೇಜಿನಲ್ಲಿ ಏನಿದೆ ಎಂದು ಅವುಗಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪಾಸ್‌ವರ್ಡ್ ನಿಲ್ಲಿಸಿದ್ದರಿಂದ ಒಂದೂ ಒಳಬರಲಿಲ್ಲ. ಆದರೂ ಆ ಬಾಗಿಲು ಮುಚ್ಚಿ, ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿದೆವು. ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಲ್ಯಾಬಿನೊಳಗಿನ ವಿಳಾಸಗಳಿಗೆ ಮತ್ತು ವಿಪಿಎನ್‌ನಿಂದ ಬಂದವರಿಗೆ ಮಾತ್ರ ಫೈರ್‌ವಾಲ್ ದಾರಿ ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ತಂತ್ರಾಂಶದೊಳಗೇ ತೂತಿದ್ದರೆ? 2011ರ ಜುಲೈನಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಹೆಸರಾಂತ ಎಫ್‌ಟಿಪಿ ಸರ್ವರ್‌ನ 2.3.4 ಆವೃತ್ತಿಯಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಬಳಕೆದಾರನ ಹೆಸರಿನ ಕೊನೆಗೆ ನಗುಮುಖದ ಗುರುತು ಹಾಕಿದರೆ ಸರ್ವರ್ ಪೂರ್ತಿ ಕೈಗೆ ಬರುತ್ತಿತ್ತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎಂಬ ಕಡತ ಹಿಂಡುವ ತಂತ್ರಾಂಶದಲ್ಲಿ ಎಸ್‌ಎಸ್‌ಎಚ್‌ಗೇ ಗುರಿಯಿಟ್ಟ ಕಳ್ಳಬಾಗಿಲು ಪತ್ತೆಯಾಯಿತು. ಪತ್ತೆ ಮಾಡಿದ ಆಂಡ್ರೆಸ್ ಫ್ರಾಯಂಡ್ ಭದ್ರತಾ ತಜ್ಞರೇ ಅಲ್ಲ, ಡೇಟಾಬೇಸ್ ಕೆಲಸ ಮಾಡುವವರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹಿಡಿದರು. ಅರ್ಧ ಸೆಕೆಂಡು! ನಾವಾದರೆ ಕರೆಂಟ್ ಕಡಿಮೆಯಿದೆ ಎಂದು ಸುಮ್ಮನಾಗುತ್ತಿದ್ದೆವು. ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವಂತೆ ನಮ್ಮ ಸರ್ವರ್‌ನಲ್ಲಿ ವ್ಯವಸ್ಥೆ ಮಾಡಿದ್ದೇನೆ.

ಕರೆಂಟ್ ಎಂದಾಗ ನೆನಪಾಯಿತು. ಯುಪಿಎಸ್ ಇಲ್ಲದೆ ಸರ್ವರ್ ಇಡಬೇಡಿ. ಪ್ರತಿ ಶನಿವಾರ ಒಂದು ಹೊರ ಡಿಸ್ಕ್‌ಗೆ ಪ್ರತಿ ತೆಗೆದು, ಆ ಡಿಸ್ಕನ್ನು ಬಿಚ್ಚಿ ಕಚೇರಿಯ ಕಪಾಟಿನಲ್ಲಿಡುತ್ತೇವೆ. ಸದಾ ಜೋಡಿಸಿಯೇ ಇಟ್ಟರೆ ವೈರಸ್ ಬಂದಾಗ ಅದೂ ಹೋಗುತ್ತದೆ. ತಿಂಗಳಿಗೊಮ್ಮೆ ಅದರಿಂದ ಒಂದು ಕಡತ ಮರಳಿ ತೆಗೆದು ತೆರೆದು ನೋಡುತ್ತೇವೆ. ಹೋದ ತಿಂಗಳು ತೆರೆದದ್ದು ಆ 1439ರ ಶಾಸನದ ಚಿತ್ರ. ಅಕ್ಷರಗಳು ಚೆನ್ನಾಗಿ ಕಾಣುತ್ತವೆ.

ಸಂಡೂರಿನ ಗೆಳೆಯ ಈಗ ನನ್ನ ಜೊತೆ ಲಾಗ್ ನೋಡುವ ಕೆಲಸ ಹಂಚಿಕೊಂಡಿದ್ದಾನೆ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನನಗಿಂತ ಹೆಚ್ಚು ಪರೀಕ್ಷಿಸುವವನು ಅವನೇ. ಮಾರ್ಚ್‌ನಲ್ಲಿ ನಮ್ಮ ಪರೀಕ್ಷೆ, ಆಮೇಲೆ ನಾವಿರುವುದಿಲ್ಲ. ಪ್ರಥಮ ಪಿಯುಸಿಯಿಂದ ಇಬ್ಬರು ಬೇಕು. ಆಸಕ್ತಿ ಇರುವವರು ಶುಕ್ರವಾರ ಜುಮಾ ಬಿಡುವಿನ ನಂತರ ಲ್ಯಾಬಿಗೆ ಬನ್ನಿ. ಪೆನ್‌ಡ್ರೈವ್ ಮನೆಯಲ್ಲೇ ಬಿಟ್ಟು ಬನ್ನಿ.