ಜುಲೈ ಹಾಳೆಯ ನೀಲಕಂಠ

ನಮ್ಮೂರ ಕೆರೆಯ ಹಕ್ಕಿಗಳನ್ನಿಟ್ಟುಕೊಂಡು ಒಂದು ಗೋಡೆ ಕ್ಯಾಲೆಂಡರ್ ಮಾಡೋಣವೆಂದು ನಾವು ಆರೇಳು ಗೆಳೆಯರು ಹೊರಟಾಗ, ಕಷ್ಟವೆಲ್ಲ ಫೋಟೊ ತೆಗೆಯುವುದರಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದೆವು. ವರ್ಷವಿಡೀ ನಸುಕಿನಲ್ಲಿ ಕೆರೆ ಏರಿಯ ಮೇಲೆ ಕೂತು ತೆಗೆದ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿದೆವು. ಜುಲೈಗೆ ನೀಲಕಂಠ. ಕರ್ನಾಟಕದ ರಾಜ್ಯಪಕ್ಷಿ. ಕರೆಂಟು ತಂತಿಯ ಮೇಲೆ ಕೂತಿದ್ದರೆ ಮಣ್ಣುಬಣ್ಣದ ಸಾಧಾರಣ ಹಕ್ಕಿ. ರೆಕ್ಕೆ ಬಿಚ್ಚಿತೋ, ತಿಳಿನೀಲಿಯ ಪಕ್ಕದಲ್ಲೇ ಕಡುನೀಲಿಯ ಪಟ್ಟಿ ಹೊಳೆದು ಕಣ್ಣು ಕೋರೈಸುತ್ತದೆ. ರೆಕ್ಕೆ ಬಿಚ್ಚಿದ ಆ ಗಳಿಗೆಯೇ ನಮಗೆ ಸಿಕ್ಕಿತ್ತು.

ಡಿಸೆಂಬರಿನಲ್ಲಿ 500 ಪ್ರತಿ ಬಂದವು. ಕಟ್ಟು ಬಿಚ್ಚಿ ಜುಲೈ ಹಾಳೆ ತಿರುವಿದೆ. ತಿಳಿನೀಲಿ ಹೆಚ್ಚುಕಡಿಮೆ ಹಾಗೇ ಇತ್ತು. ಕಡುನೀಲಿ ಮಾತ್ರ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಪ್ರೆಸ್ಸಿಗೆ ಹೋಗಿ ತಕರಾರು ತೆಗೆದೆ. ಹಿರಿಯ ಮಷೀನ್‌ಮನ್ ವಾದಕ್ಕೆ ಇಳಿಯಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ಭೂತಗನ್ನಡಿ ಕೊಟ್ಟು, “ಸಾರ್, ಮೊದಲು ಇದನ್ನ ಹಾಳೆ ಮೇಲಿಟ್ಟು ನೋಡಿ. ಆಮೇಲೆ ಮಾತಾಡೋಣ” ಎಂದರು.

ಗಾಜಿನ ಕೆಳಗೆ ಹಕ್ಕಿ ಇರಲಿಲ್ಲ. ಬರೀ ಚುಕ್ಕಿಗಳಿದ್ದವು. ಕೆಲವು ಸಯಾನ್ ಎಂಬ ಹಸಿರುಛಾಯೆಯ ನೀಲಿ, ಕೆಲವು ಮೆಜೆಂಟಾ ಎಂಬ ಗುಲಾಬಿಗೆಂಪು, ಕೆಲವು ಹಳದಿ, ಕೆಲವು ಕಪ್ಪು. ಮಣ್ಣುಬಣ್ಣದ ಎದೆ, ಹಸಿರು ಹೊಲ, ಬೂದು ಆಕಾಶ, ಎಲ್ಲವೂ ಈ ನಾಲ್ಕೇ ಶಾಯಿಗಳ ಚುಕ್ಕಿ. ತಿಳಿಬಣ್ಣ ಬೇಕಾದ ಕಡೆ ಶಾಯಿಯನ್ನು ತೆಳುವಾಗಿಸಲು ಆಫ್‌ಸೆಟ್ ಯಂತ್ರಕ್ಕೆ ಆಗುವುದಿಲ್ಲ. ಶಾಯಿ ಇದೆ ಅಥವಾ ಇಲ್ಲ, ಅಷ್ಟೆ. ಹಾಗಾಗಿ ಚುಕ್ಕಿಯ ಗಾತ್ರ ಬದಲಾಗುತ್ತದೆ. ದೊಡ್ಡ ಚುಕ್ಕಿಯೆಂದರೆ ಗಾಢ, ಸಣ್ಣ ಚುಕ್ಕಿಯೆಂದರೆ ತಿಳಿ. ನುಣುಪು ಆರ್ಟ್ ಪೇಪರಿನಲ್ಲಿ ಅಂಗುಲಕ್ಕೆ ಸುಮಾರು 175 ಸಾಲು ಚುಕ್ಕಿ ಹಿಡಿಸುತ್ತಾರೆ. ಅಂದರೆ ಒಂದು ಚುಕ್ಕಿಗೂ ಪಕ್ಕದ್ದಕ್ಕೂ ನಡುವೆ ಮಿಲಿಮೀಟರಿನ ಏಳನೇ ಒಂದು ಭಾಗ. ಆರೋಗ್ಯವಂತ ಕಣ್ಣು 60 ಸೆಂಟಿಮೀಟರ್ ದೂರದಿಂದ ಬಿಡಿಸಿ ನೋಡಬಲ್ಲ ಅಂತರ ಸುಮಾರು 0.17 ಮಿಲಿಮೀಟರ್. ಅದಕ್ಕಿಂತ ಹತ್ತಿರವಿರುವ ಚುಕ್ಕಿಗಳನ್ನು ಕಣ್ಣು ಕಲೆಸಿ ಒಂದೇ ಬಣ್ಣವಾಗಿ ಓದಿಕೊಳ್ಳುತ್ತದೆ. ಗೋಡೆಯ ಮೇಲಿನ ಚಿತ್ರ ನಿಜವಾಗಿ ಪೂರ್ತಿಯಾಗುವುದು ನೋಡುವವರ ಕಣ್ಣಿನಲ್ಲಿ ಎನ್ನುವುದು ನನಗೆ ಆ ದಿನ ತಿಳಿಯಿತು.

ನಾಲ್ಕು ಶಾಯಿಗಳ ಚುಕ್ಕಿಸಾಲುಗಳನ್ನು ಒಂದೇ ದಿಕ್ಕಿನಲ್ಲಿ ಹಾಕುವುದಿಲ್ಲ. ಸಾಮಾನ್ಯವಾಗಿ ಸಯಾನ್ 15 ಡಿಗ್ರಿ, ಕಪ್ಪು 45, ಮೆಜೆಂಟಾ 75. ಕಣ್ಣಿಗೆ ತೀರ ಕಡಿಮೆ ಕಾಣುವ ಹಳದಿಗೆ 0. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಇಟ್ಟು ಸ್ವಲ್ಪವೇ ತಿರುಗಿಸಿದರೆ ಅಲೆಅಲೆಯಾದ ಪಟ್ಟೆ ಏಳುತ್ತದಲ್ಲ, ಚುಕ್ಕಿಸಾಲುಗಳ ಕೋನ ಹತ್ತಿರವಾದರೆ ಚಿತ್ರದ ಮೇಲೂ ಅಂಥದೇ ಪಟ್ಟೆ ಏಳುತ್ತದೆ. 30 ಡಿಗ್ರಿ ಅಂತರವಿದ್ದರೆ ಪಟ್ಟೆಗಳು ಕಾಣದಷ್ಟು ಸಣ್ಣದಾಗಿ, ಗಾಜಿನಡಿ ನೋಡಿದಾಗ ಪುಟ್ಟ ಹೂವಿನ ಎಸಳುಗಳಂತೆ ಜೋಡಿಸಿಕೊಂಡಿರುತ್ತವೆ.

ಇನ್ನು ನೀಲಿಯ ವಿಷಯ. ಕಂಪ್ಯೂಟರ್ ಪರದೆ ಬೆಳಕನ್ನು ಹೊಮ್ಮಿಸುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳಲ್ಲಿ ನೀಲಿಯನ್ನಷ್ಟೇ ಹೊತ್ತಿಸಿದರೆ ಶುದ್ಧ ನೀಲಿ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬಿಳಿ ಬೆಳಕು ಅದರ ಮೇಲೆ ಬಿದ್ದಾಗ ಶಾಯಿ ಅದರಲ್ಲೊಂದು ಪಾಲನ್ನು ನುಂಗುತ್ತದೆ, ಉಳಿದದ್ದು ನಮಗೆ ಬರುತ್ತದೆ. ಸಯಾನ್ ಕೆಂಪನ್ನು ನುಂಗಬೇಕು, ಮೆಜೆಂಟಾ ಹಸಿರನ್ನು ನುಂಗಬೇಕು. ಎರಡನ್ನೂ ಒಂದರ ಮೇಲೊಂದು ಹಚ್ಚಿದರೆ ನೀಲಿಯಷ್ಟೇ ಉಳಿಯಬೇಕು. ಲೆಕ್ಕ ಸರಿಯಾಗಿದೆ, ಶಾಯಿ ಲೆಕ್ಕದಂತೆ ನಡೆಯುವುದಿಲ್ಲ. ಮೆಜೆಂಟಾ ಹಸಿರಿನ ಜೊತೆಗೆ ನೀಲಿಯನ್ನೂ ಒಂದಿಷ್ಟು ತಿನ್ನುತ್ತದೆ. ಸಯಾನ್ ಕೂಡ ತನ್ನದಲ್ಲದ್ದಕ್ಕೆ ಬಾಯಿ ಹಾಕುತ್ತದೆ. ಕೊನೆಗೆ ಉಳಿಯುವುದು ಕಪ್ಪಡರಿದ, ನೇರಳೆಗೆ ವಾಲಿದ ನೀಲಿ. ನೀಲಕಂಠದ ತಿಳಿನೀಲಿ ಸಯಾನ್ ಶಾಯಿಗೇ ಹತ್ತಿರದ ಬಣ್ಣ, ಅದೊಂದೇ ಶಾಯಿ ಬಹುಪಾಲು ಕೆಲಸ ಮಾಡಿತು, ಆದ್ದರಿಂದ ಬದುಕಿತು. ಕಡುನೀಲಿಗೆ ಎರಡು ಶಾಯಿ ಬೇಕಿತ್ತು, ಅಲ್ಲಿ ಸೋತಿತು. ಯಂತ್ರ ನಡೆಸಿದವರ ತಪ್ಪೇನೂ ಇರಲಿಲ್ಲ.

ಇದರಲ್ಲಿ ನನ್ನನ್ನು ತೀವ್ರವಾಗಿ ಹಿಡಿದ ಸಂಗತಿ ಬೇರೆ. ನೀಲಕಂಠದ ರೆಕ್ಕೆಯಲ್ಲಿ ನೀಲಿ ಶಾಯಿಯೇ ಇಲ್ಲ! ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ. ಗರಿಯ ಎಳೆಗಳೊಳಗೆ ಸ್ಪಂಜಿನಂಥ ರಚನೆಯಿದೆ. ಅದರ ಗಾಳಿರಂಧ್ರಗಳು ಬೆಳಕಿನ ಅಲೆಯುದ್ದಕ್ಕಿಂತಲೂ ಸಣ್ಣವು, ಹೆಚ್ಚೂಕಡಿಮೆ ಒಂದೇ ಅಂತರದಲ್ಲಿರುವಂಥವು. ಅವು ನೀಲಿಯ ಅಲೆಗಳನ್ನು ಚದುರಿಸಿ ಹೊರಗೆ ಕಳಿಸುತ್ತವೆ. ಉಳಿದ ಬಣ್ಣಗಳನ್ನು ಅಡಿಯಲ್ಲಿರುವ ಕಪ್ಪು ಪದರ ಹೀರಿಕೊಳ್ಳುತ್ತದೆ. ರಂಧ್ರಗಳಿಗೆ ದ್ರವ ತುಂಬಿದರೆ ನೀಲಿ ಮಾಯ, ಒಣಗಿದರೆ ಮರಳಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಸಿ. ವಿ. ರಾಮನ್ 1934ರಲ್ಲಿ ಹಕ್ಕಿಗರಿಗಳ ಬಣ್ಣದ ಮೂಲ ಹುಡುಕಿ ಪ್ರಬಂಧ ಬರೆದರು. ಅದಕ್ಕೆ ಅವರು ಕೈಗೆತ್ತಿಕೊಂಡದ್ದು ಇದೇ ನೀಲಕಂಠದ ಗರಿಯನ್ನು. ಹಕ್ಕಿ ಗಾಳಿಯಿಂದ ಕಟ್ಟಿದ ಬಣ್ಣವನ್ನು ಪರದೆ ದೀಪದಿಂದ ತೋರಿಸುತ್ತದೆ, ಪ್ರೆಸ್ಸು ಶಾಯಿಯಿಂದ ಹಿಡಿಯಲು ಹೊರಡುತ್ತದೆ. ಮೂರೂ ಬೇರೆ ಬೇರೆ ದಾರಿ.

ಪ್ರೆಸ್ಸಿನ ದಾರಿಗೆ ಮರಳಿದರೆ, ಆಫ್‌ಸೆಟ್ಟಿನ ಜೀವಾಳ ನಮ್ಮ ಅಡುಗೆಮನೆಯಲ್ಲೇ ಕಾಣುವ ಸತ್ಯ: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಚಿತ್ರವಿರುವ ಜಾಗ ಎಣ್ಣೆಯನ್ನು ಬಯಸುತ್ತದೆ, ಚಿತ್ರವಿಲ್ಲದ ಜಾಗ ನೀರನ್ನು ಬಯಸುತ್ತದೆ. ಮೊದಲು ನೀರಿನ ರೋಲರು ಉರುಳುತ್ತದೆ, ಆಮೇಲೆ ಎಣ್ಣೆಶಾಯಿಯ ರೋಲರು. ಉಬ್ಬಿಲ್ಲದ, ತಗ್ಗಿಲ್ಲದ ಸಪಾಟು ಪ್ಲೇಟಿನಲ್ಲಿ ಶಾಯಿ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಸುಣ್ಣಕಲ್ಲಿನ ಮೇಲೆ ಕಂಡುಕೊಂಡ ಉಪಾಯ ಇದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಶನ್ನಿನಿಂದ ಹೊರಬಂದದ್ದೂ ಕಲ್ಲಚ್ಚಿನಲ್ಲೇ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಪ್ರೆಸ್ಸಿನಲ್ಲಿ ಲಕ್ಷ್ಮಿ, ಸರಸ್ವತಿಯರ ಚಿತ್ರಗಳಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬಳಸುತ್ತಿದ್ದರು. ಬೇಕಾದ ನೀಲಿಯನ್ನು ನೀಲಿಯಾಗಿಯೇ ಅರೆದು ಹಚ್ಚುವ ಸ್ವಾತಂತ್ರ್ಯ ಅವರಿಗಿತ್ತು. ಈ ಮಾತು ನಮಗೆ ಆಮೇಲೆ ಉಪಯೋಗಕ್ಕೆ ಬಂತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಐರಾ ರೂಬೆಲ್ ಎಂಬ ಮುದ್ರಕನ ಯಂತ್ರದಲ್ಲಿ ಹಾಳೆ ಸಿಗದೆ ಚಿತ್ರ ಆಕಸ್ಮಿಕವಾಗಿ ರಬ್ಬರ್ ಉರುಳೆಗೆ ಅಂಟಿತು, ಅಲ್ಲಿಂದ ಮುಂದಿನ ಹಾಳೆಗೆ ಇನ್ನೂ ಸ್ಫುಟವಾಗಿ ಇಳಿಯಿತು. ಈಗಲೂ ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ. ನಡುವೆ ರಬ್ಬರಿದೆ.

ಎರಡನೇ ವರ್ಷ ನಾವು ಫೈಲು ಕಳಿಸುವ ಮೊದಲೇ, ದೀಪಾವಳಿಗೂ ಮುಂಚೆ, ಪ್ರೆಸ್ಸಿಗೆ ಹೋಗಿ ಕೂತೆವು. ವಾಟ್ಸಾಪಿನಲ್ಲಿ ಬಂದ ಚಿತ್ರಗಳನ್ನು ಅವರು ಮೊದಲೇ ಪಕ್ಕಕ್ಕಿಟ್ಟರು. ನಮ್ಮ ಕ್ಯಾಲೆಂಡರ್ 11×17 ಅಂಗುಲ, ಮೇಲರ್ಧ ಫೋಟೊ. 11 ಅಂಗುಲ ಅಗಲಕ್ಕೆ, ಅಂಗುಲಕ್ಕೆ 300ರಂತೆ 3300 ಪಿಕ್ಸೆಲ್ ಬೇಕು. ವಾಟ್ಸಾಪ್ ಸಾಮಾನ್ಯವಾಗಿ ಚಿತ್ರವನ್ನು ಹಿಂಡಿ ಸುಮಾರು 1600ಕ್ಕೆ ಇಳಿಸುತ್ತದೆ. ಫೋನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಳೆಯಲ್ಲಿ ಗರಿಯ ಎಳೆ ಕರಗಿ ಮಂದವಾಗುತ್ತದೆ.

ಅಕ್ಷರದ್ದು ಇನ್ನೊಂದು ಪಾಠ. ಹಿಂದಿನ ವರ್ಷ ತಿಥಿ, ನಕ್ಷತ್ರಗಳ ಸಣ್ಣಕ್ಷರದ ಸುತ್ತ ಗುಲಾಬಿ ನೆರಳು ಬಿದ್ದಿತ್ತು. ಪರದೆಯ ಕಪ್ಪು ಮುದ್ರಣಕ್ಕೆ ಬರುವಾಗ ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಟ್ಟಿತ್ತು. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆ ಸರಿದರೂ ಕನ್ನಡದ ಒತ್ತಕ್ಷರ ಕಲೆಸಿಹೋಗುತ್ತದೆ, ‘ಜ್ಯೇಷ್ಠ’ ಓದಲಾಗುವುದಿಲ್ಲ. ಸಣ್ಣಕ್ಷರಕ್ಕೆ ಕಪ್ಪು ಶಾಯಿ ಒಂದೇ ಸಾಕು, ಒಂದೇ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿದ್ದ ಪಠ್ಯ ಯೂನಿಕೋಡ್ ಫಾಂಟಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗುವ ಸಂಕಟವೂ ಇತ್ತು. ಫಾಂಟನ್ನು ಪಿಡಿಎಫ್ ಒಳಗೇ ಸೇರಿಸಿ ಕೊಟ್ಟ ಮೇಲೆ ಅದು ತಪ್ಪಿತು.

ತಾರೀಖಿನ ಪ್ರೂಫ್ ನೋಡಲು ಒಂದು ಸುಲಭ ಪರೀಕ್ಷೆ ಹೇಳುತ್ತೇನೆ, ಕ್ಯಾಲೆಂಡರ್ ಮಾಡಿಸುವ ಎಲ್ಲರಿಗೂ ಬೇಕಾದೀತು. ಅಧಿಕ ವರ್ಷವಲ್ಲದಿದ್ದರೆ ಜನವರಿ ಮತ್ತು ಅಕ್ಟೋಬರ್ ಒಂದೇ ವಾರದಲ್ಲಿ ಶುರುವಾಗುತ್ತವೆ. ಫೆಬ್ರವರಿ, ಮಾರ್ಚ್, ನವೆಂಬರ್ ಮೂರೂ ಒಂದೇ ವಾರದಲ್ಲಿ. ಏಪ್ರಿಲ್ ಮತ್ತು ಜುಲೈ ಜೋಡಿ, ಸೆಪ್ಟೆಂಬರ್ ಮತ್ತು ಡಿಸೆಂಬರ್ ಜೋಡಿ. 2027ರ ಜನವರಿ 1 ಶುಕ್ರವಾರ, ಅಕ್ಟೋಬರ್ 1ರೂ ಶುಕ್ರವಾರ. ಮಾರ್ಚ್ 1 ಸೋಮವಾರ, ರಾಜ್ಯೋತ್ಸವವೂ ಸೋಮವಾರ. ಹಿಂದಿನ ವರ್ಷದ ಫೈಲನ್ನೇ ತಿದ್ದುವಾಗ ನುಸುಳುವ ತಪ್ಪು ಈ ಜೋಡಿಗಳನ್ನು ನೋಡಿದರೆ ತಟ್ಟನೆ ಸಿಕ್ಕಿಬೀಳುತ್ತದೆ. ತಿಥಿಗೆ ಇಂಥ ಒಳದಾರಿ ಇಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರದ ಕಾರಣ ಅದು ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಅದನ್ನು ಪಂಚಾಂಗ ಬಲ್ಲವರ ಕೈಗೇ ಕೊಟ್ಟೆವು.

ನೀಲಿಗೆ ಎರಡು ದಾರಿಗಳಿದ್ದವು. ಕಡುನೀಲಿಯಿರುವ ಕಡೆ ಮೆಜೆಂಟಾವನ್ನು ತಗ್ಗಿಸುವುದು ಒಂದು. ನೇರಳೆ ಕಡಿಮೆಯಾಗುತ್ತದೆ, ಹೊಳಪೇನೂ ಬರುವುದಿಲ್ಲ. ಇನ್ನೊಂದು ರವಿವರ್ಮರ ದಾರಿ: ನೀಲಿಯಾಗಿಯೇ ತಯಾರಾದ ಐದನೇ ಶಾಯಿ, ಅದಕ್ಕೆ ಐದನೇ ಪ್ಲೇಟು. 23×36 ಅಂಗುಲದ ಒಂದು ಶೀಟಿನಲ್ಲಿ ನಮ್ಮ ನಾಲ್ಕು ತಿಂಗಳು ಕೂರುತ್ತವೆ. ಹನ್ನೆರಡು ತಿಂಗಳಿಗೆ ಮೂರು ಶೀಟು, ಶಾಯಿಗೊಂದರಂತೆ ಹನ್ನೆರಡು ಪ್ಲೇಟು. ಮೂರು ಶೀಟಿಗೂ ಐದನೇ ಬಣ್ಣ ಹಾಕಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. “ತಿಂಗಳ ವರಸೇಲೇ ಶೀಟು ಜೋಡಿಸಬೇಕು ಅಂತೇನಿಲ್ಲ ಸಾರ್. ನಿಮ್ಮ ನೀಲಿ ಹಕ್ಕಿಗಳನ್ನೆಲ್ಲ ಒಂದೇ ಶೀಟಿಗೆ ತನ್ನಿ” ಎಂದರು ಮಷೀನ್‌ಮನ್. ನಮಗೆ ಹೊಳೆದೇ ಇರಲಿಲ್ಲ. ಜುಲೈನ ನೀಲಕಂಠ, ಫೆಬ್ರವರಿಯ ಮಿಂಚುಳ್ಳಿ, ಮೇ ತಿಂಗಳ ನವಿಲು ಒಂದೇ ಶೀಟಿಗೆ ಬಂದವು. ಉಳಿದ ಕಾಲುಭಾಗಕ್ಕೆ ನವೆಂಬರಿನ ಕೆರೆ ಮತ್ತು ಆಕಾಶ.

ಅವರದು ನಾಲ್ಕು ಬಣ್ಣದ ಯಂತ್ರ. ಐದನೆಯದಕ್ಕೆ ಅದೇ ಶೀಟು ಇನ್ನೊಮ್ಮೆ ಒಳಗೆ ಹೋಗಬೇಕು. ಶಾಯಿಯ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಒಂದಿಷ್ಟು ಕಾಗದಕ್ಕೆ ಇಳಿದು, ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಬೆಸೆದು ಗಟ್ಟಿಯಾಗಬೇಕು. ಅದಕ್ಕೆ ಒಂದು ದಿನ ಬೇಕಾಯಿತು. ಆ ಒಂದು ದಿನದಲ್ಲಿ ಕಾಗದ ಸುಮ್ಮನಿರುವುದಿಲ್ಲ. ಅದರ ನಾರುಗಳು ತೇವ ಹೀರಿ ಉಬ್ಬುತ್ತವೆ, ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು. ಶೀಟು ಅರ್ಧ ಮಿಲಿಮೀಟರ್ ಹಿಗ್ಗಿದರೂ ಐದನೇ ನೀಲಿ ರೆಕ್ಕೆಯಿಂದ ಆಚೆ ಬೀಳುತ್ತದೆ. ಅಂದು ಮೋಡ ಕವಿದಿತ್ತು. ಅವರು ಶೀಟುಗಳ ಅಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿ, ಮಳೆಗಾಳಿ ಬಾರದಂತೆ ಕಿಟಕಿ ಮುಚ್ಚಿಸಿದರು.

ಮರುದಿನ ಬೆಳಿಗ್ಗೆ ಮೊದಲ ಹತ್ತಿಪ್ಪತ್ತು ಶೀಟುಗಳು ಬರೀ ಸರಿದೂಗಿಸುವುದಕ್ಕೇ ಹೋದವು. ಅಂಚಿನಲ್ಲಿರುವ ಕೂಡುಗೆರೆಯ ಗುರುತಿನ ಮೇಲೆ ಅವರು ಗಾಜಿಟ್ಟು ನೋಡುವುದು, ಒಂದು ತಿರುಪು ತುಸು ತಿರುಗಿಸುವುದು, ಮತ್ತೆ ನೋಡುವುದು. ಐದು ಬಣ್ಣದ ಗೆರೆಗಳೂ ಒಂದರ ಮೇಲೊಂದು ಕೂತಾಗ ಶೀಟನ್ನು ಕಿಟಕಿಯ ಬಳಿ ಹಗಲ ಬೆಳಕಿಗೆ ಒಯ್ದರು, ಟ್ಯೂಬ್‌ಲೈಟಿನಡಿ ನೀಲಿ ನಂಬಬೇಡಿ ಎನ್ನುತ್ತಾ. ಆಮೇಲೆ ಗಾಜನ್ನು ನನ್ನ ಕೈಗೆ ಕೊಟ್ಟರು. ರೆಕ್ಕೆಯ ಪಟ್ಟಿಯಲ್ಲಿ ಸಯಾನ್ ಚುಕ್ಕಿಗಳ ನಡುನಡುವೆ, ಗುಲಾಬಿಯ ನೆರವಿಲ್ಲದೆ, ನೀಲಿ ಚುಕ್ಕಿಗಳು ನಿಂತಿದ್ದವು.